ಕೆಂಪು ಬಾವಿ, ಹಸಿರು ಬಾವಿ

ನನ್ನ ಗಂಡನಿಗೆ ಕೆಂಪು ಯಾವುದು ಹಸಿರು ಯಾವುದು ತಿಳಿಯುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಮದುವೆಯಾಗಿ ಕೆಲವು ತಿಂಗಳಾದ ಮೇಲೆ. ಆಗ ನಾವು ಕೊಪ್ಪಳದಲ್ಲಿ, ಕೋಟೆ ಗುಡ್ಡದ ಮಗ್ಗುಲಿಗೆ ಒಂದು ಬಾಡಿಗೆ ಮನೆಯಲ್ಲಿದ್ದೆವು. ಹಿತ್ತಲಲ್ಲಿ ಒಂದಿಷ್ಟು ಮೆಣಸಿನ ಗಿಡ ಹಚ್ಚಿದ್ದೆ. ಹಣ್ಣಾದದ್ದನ್ನಷ್ಟೇ ಹರಿದು ತರ್ರಿ ಎಂದು ಬುಟ್ಟಿ ಕೊಟ್ಟು ಕಳಿಸಿದರೆ ಅವರು ಹಸಿಕಾಯಿ, ಹಣ್ಣುಕಾಯಿ ಎರಡನ್ನೂ ಕಲೆಸಿ ತಂದರು. ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ಕಟ್ಟೆಯ ಮೇಲೆ ಕುಳಿತು ಒಂದೊಂದೇ ಕಾಯನ್ನು ಬೆರಳಲ್ಲಿ ಹಿಚುಕಿ ನೋಡಿ, ಮೆತ್ತಗಿದ್ದವನ್ನು ಒಂದು ಕಡೆ, ಬಿರುಸಾದವನ್ನು ಇನ್ನೊಂದು ಕಡೆ ಹಾಕತೊಡಗಿದರು. ನನ್ನ ನಗು ಅಲ್ಲಿಗೇ ನಿಂತಿತು.

ನಮ್ಮಿಬ್ಬರದೂ ಬಣ್ಣದ ಕಸುಬಿನ ಮನೆತನ. ನನ್ನ ತವರು ಕಿನ್ನಾಳ. ಅಪ್ಪ ಕಟ್ಟಿಗೆಯಲ್ಲಿ ದೇವರ ಮೂರ್ತಿ, ಗೊಂಬೆ ಕೆತ್ತುತ್ತಿದ್ದರು. ಬಣ್ಣ ಅರೆಯುವುದು, ಹುಣಸೆಬೀಜದ ಅಂಟು ಕಾಸುವುದು, ದೊಡ್ಡ ಜಾಗಗಳಿಗೆ ಮೊದಲ ಕೈ ಬಣ್ಣ ಹಚ್ಚುವುದು ನಮ್ಮ, ಹೆಣ್ಣುಮಕ್ಕಳ ಪಾಲಿನ ಕೆಲಸ. ನನ್ನ ಮಾವನವರೂ ಅದೇ ಕಸುಬಿನವರು. ಮಗ ಸಣ್ಣವನಿದ್ದಾಗ ಲಕ್ಷ್ಮಿಯ ತುಟಿಗೆ ಹಸಿರು ಬಳಿದದ್ದನ್ನು ಕಂಡು ಮೊದಲು ಹೊಡೆದರಂತೆ. ಅದೇ ತಪ್ಪು ಮತ್ತೆ ಮತ್ತೆ ಆದಾಗ ಹೊಡೆಯುವುದನ್ನು ಬಿಟ್ಟು, ಕುಂಚವನ್ನು ಕಸಿದುಕೊಂಡು ಸಾಲಿಗೆ ಓದಲು ಕಳಿಸಿದರಂತೆ. ನಮ್ಮವರ ಕೈ ಮಾತ್ರ ಬಲು ಸ್ಥಿರ. ಪಟ್ಟಿ ಇಲ್ಲದೆ ಎಳೆದ ಗೆರೆಯೂ ನೆಟ್ಟಗೆ ನಿಲ್ಲುತ್ತಿತ್ತು. ಆಗಿನ ಸರ್ಕಾರದ ಭಾಷೆ ಉರ್ದು ಕಲಿತರು, ಕಚೇರಿಯಲ್ಲಿ ನಕಾಶೆ ತೆಗೆಯುವ ಕೆಲಸ ಸಿಕ್ಕಿತು. ಅಲ್ಲಿ ಅವರದು ಬರೀ ಕಪ್ಪು ಶಾಯಿಯ ಕೆಲಸ. ಬಣ್ಣ ತುಂಬುವುದಿದ್ದರೆ ಜಿಲ್ಲಾ ಕಚೇರಿಯಲ್ಲಿ ಬೇರೆಯವರು ತುಂಬುತ್ತಿದ್ದರು. ಹೀಗಾಗಿ ಅವರ ಕಣ್ಣಿನ ಸಂಗತಿ ಮನೆಯಿಂದ ಹೊರಗೆ ಬಂದಿರಲಿಲ್ಲ. ಮದುವೆಯ ಮಾತುಕತೆಯಲ್ಲೂ ನಮ್ಮವರಿಗೆ ತಿಳಿಸಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ. ನಾಲ್ಕು ದಿನ ಮುಖ ಬಿಗಿದುಕೊಂಡೇ ಅಡಿಗೆ ಮಾಡಿದೆ. ಕಡೆಗೆ ಅವರೇ, ಬಾಗಿಲ ಹತ್ತಿರ ನಿಂತುಕೊಂಡು, ಕಚೇರಿಯಲ್ಲಿ ಗೊತ್ತಾದರೆ ಮನೆಗೆ ಕಳಿಸುತ್ತಾರೆ, ಯಾರ ಮುಂದೆಯೂ ಆಡಬೇಡ ಎಂದು ಕೇಳಿಕೊಂಡರು. ನಾನು ಆಡಲಿಲ್ಲ. ತವರಿನಲ್ಲೂ ಆಡಲಿಲ್ಲ.

ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲು ನಮ್ಮ ಕಡೆಗೆ ಒಬ್ಬ ಡಾಕ್ಟರ ಸಾಹೇಬರು ಬಂದರು. ಹೈದರಾಬಾದಿನವರು, ಮನೆಮಾತು ಉರ್ದು. ಆದರೆ ಹಳ್ಳಿ ತಿರುಗಿ ತಿರುಗಿ ನಮ್ಮ ಮಾತನ್ನು ನಮ್ಮ ಹಾಗೆಯೇ ಆಡುತ್ತಿದ್ದರು. ಅವರಿಗೆ ನಾರುಹುಣ್ಣಿನದೊಂದೇ ಧ್ಯಾಸ. ಆ ಕಾಯಿಲೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಕಾಲಲ್ಲಿ ಬೊಬ್ಬೆ ಎದ್ದು ಒಡೆದು ಬಿಳಿ ನೂಲಿನಂಥ ಹುಳ ಹೊರಗೆ ಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಅಂತ ಎಳೆಯಬೇಕು. ನಡುವೆ ಹರಿದರೆ ಕಾಲು ಬಾತುಕೊಂಡು ಮನುಷ್ಯ ನೆಲ ಹಿಡಿಯುತ್ತಿದ್ದ. ನನ್ನ ಅಣ್ಣ ಎರಡು ಸಲ ಹಾಗೆ ಮಲಗಿ ಎದ್ದವನು. ಹುಣ್ಣಿದ್ದವರು ಮೆಟ್ಟಿಲ ಬಾವಿಗೆ ಇಳಿದು ನೀರಲ್ಲಿ ಕಾಲಿಟ್ಟರೆ ಹುಳದ ಮರಿ ನೀರಿಗೆ ಸೇರುತ್ತದೆ, ಅದನ್ನು ಕುಡಿದವರಿಗೆ ಮರುವರ್ಷ ಹುಣ್ಣು ಏಳುತ್ತದೆ ಎಂದು ಡಾಕ್ಟರು ಊರೂರಿಗೆ ಹೇಳುತ್ತ ಬಂದರು. ಕೇಳುವವರು ಕಡಿಮೆ. ಮೇಲಿನವರು ಕೇಳಿದರೆ ಮೆಟ್ಟಿಲು ಮುಚ್ಚಿಸಿ ಸೇದುವ ಬಾವಿ ಮಾಡಿಸಬಹುದು, ಮೇಲಿನವರಿಗೆ ಓದಲು ಪುರುಸೊತ್ತಿಲ್ಲ, ನೋಡಿದೊಡನೆ ತಿಳಿಯುವಂಥ ದೊಡ್ಡ ನಕಾಶೆ ಬೇಕು ಎಂಬುದು ಅವರ ಲೆಕ್ಕ. ಕೆಟ್ಟ ಬಾವಿಗೆ ಕೆಂಪು ಚುಕ್ಕೆ, ಛಲೋ ಬಾವಿಗೆ ಹಸಿರು ಚುಕ್ಕೆ. ಆ ಕೆಲಸ ನಮ್ಮವರಿಗೆ ಬಂತು.

ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಎಂದು ನಮ್ಮವರು ಡಾಕ್ಟರ ಹಿಂದೆ ಒಂದು ಬೇಸಿಗೆ ಪೂರ್ತಿ ಚಕ್ಕಡಿಯಲ್ಲಿ, ಕಾಲ್ನಡಿಗೆಯಲ್ಲಿ ತಿರುಗಿದರು. ಪ್ರತಿ ಬಾವಿಯ ಮುಂದೆಯೂ ನಿಂತು ಬಂದರು. ಗೆರೆಯ ಕೆಲಸ ಮುಗಿಯಿತು. ಬಣ್ಣವನ್ನು ಮನೆಯಲ್ಲಿ ಕೂತು ಸಾವಧಾನವಾಗಿ ಮಾಡುತ್ತೇನೆ ಎಂದು ಡಾಕ್ಟರಿಗೆ ಹೇಳಿ, ಬಟ್ಟೆ ಅಂಟಿಸಿದ ದೊಡ್ಡ ಹಾಳೆಯನ್ನು ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು ತಂದರು. ಪಡಸಾಲೆಯಲ್ಲಿ ಹಾಸಿ ನಾಲ್ಕು ಮೂಲೆಗೆ ಕಲ್ಲಿಟ್ಟರು. ಅವರು ಬಾವಿಯ ಹೆಸರು ಹೇಳಿ ಕೆಟ್ಟದ್ದು ಅಥವಾ ಛಲೋದು ಅನ್ನುವರು. ನಾನು ಚುಕ್ಕೆ ಇಡುವೆ. ಕಿನ್ನಾಳದ ನಮ್ಮ ಓಣಿಯ ಬಾವಿ ಬಂದಾಗ ಅವರು ಮೂಲೆಯ ಕಲ್ಲನ್ನು ಸರಿಸಿ ಇಟ್ಟರು. ಆಮೇಲೆ ಕೆಟ್ಟದ್ದು ಅಂದರು. ನಾನು ಹುಟ್ಟಿದಾಗಿನಿಂದ ಕುಡಿದ ನೀರು ಅದು. ಕೆಂಪು ಅದ್ದಿದ ಕುಂಚ ಹಿಡಿದುಕೊಂಡು, ನಮ್ಮ ಅಣ್ಣ ಈಗಲೂ ಅದನ್ನೇ ಕುಡಿಯುತ್ತಿದ್ದಾನಲ್ಲ ಎಂದು ಯೋಚಿಸುತ್ತ ಕುಳಿತೆ.

ಮೊದಲ ಸಲ ಬಣ್ಣ ಹಚ್ಚುವಾಗ ನಾನು ಒಂದು ಉಪಾಯ ಮಾಡಿದ್ದೆ. ಕೆಂಪಿಗೆ ಸ್ವಲ್ಪ ಕಾಡಿಗೆ ಸೇರಿಸಿ ಗಾಢ ಮಾಡಿದೆ. ಹಸಿರಿಗೆ ಬಿಳಿ ಸೇರಿಸಿ ತಿಳಿ ಮಾಡಿದೆ. ಹೀಗಿದ್ದರೆ ಅವರಿಗೂ ಒಂದು ಕಪ್ಪಗೆ, ಇನ್ನೊಂದು ಬೆಳ್ಳಗೆ ಕಾಣುತ್ತಿತ್ತು. ಅವರು ದೂರ ನಿಂತು, ಹತ್ತಿರ ಬಂದು, ಮತ್ತೆ ದೂರ ನಿಂತು ನೋಡಿದರು. ಕುಷ್ಟಗಿ, ಯಲಬುರ್ಗಾ ಕಡೆಯ ಎರೆಸೀಮೆ ಗಾಢವಾಗಿ, ಹೊಳೆಯ ದಂಡೆಯ ಗಂಗಾವತಿ ಕಡೆ ತಿಳಿಯಾಗಿ ಒಂದೇ ನೋಟಕ್ಕೆ ಕಾಣುವುದು ಅವರಿಗೆ ಅದೇ ಮೊದಲು. ತಾವು ಬರೆದ ನಕಾಶೆಯನ್ನು ತಾವೇ ಓದಿದರು. ಆ ಸಂಜೆಯಷ್ಟು ಹಗುರವಾಗಿ ಅವರನ್ನು ನಾನು ಹೆಚ್ಚು ಕಂಡಿಲ್ಲ.

ಮರುದಿನ ಡಾಕ್ಟರು ಬಂದು ನೋಡಿ ತಲೆ ಅಲ್ಲಾಡಿಸಿದರು. ಹಸಿರು ಸೋತು ಹೋಗಿದೆ, ಕೆಂಪಿಗೆ ಕಳೆಯಿಲ್ಲ, ಸಭೆಯ ಕೊನೆಯಲ್ಲಿ ಕೂತವರಿಗೆ ಏನು ಕಂಡೀತು ಎಂದರು. ಕೆಂಪು ರಕ್ತದ ಹಾಗಿರಲಿ, ಹಸಿರು ಗಿಣಿಯ ಹಾಗಿರಲಿ, ಇನ್ನೊಮ್ಮೆ ಮಾಡಿರಿ ಎಂದು ಹೇಳಿ ಹೋದರು. ನಮ್ಮವರು ಏನೆಂದು ವಾದ ಮಾಡಿಯಾರು? ಹೂಂರಿ ಅಂದರು. ನಾನು ಚುಕ್ಕೆಗಳ ಮೇಲೆ ಮತ್ತೆ ಬಣ್ಣ ಹಚ್ಚಿದೆ, ಈ ಸಲ ಎರಡೂ ಒಂದೇ ಸಮ ಗಾಢ. ನನ್ನ ಕಣ್ಣಿಗೆ ನಕಾಶೆ ಹಬ್ಬದ ಹಾಗೆ ಕಂಡಿತು. ಅವರಿಗೆ ಅದು ಮತ್ತೆ ಮುಚ್ಚಿಕೊಂಡಿತು.

ನಕಾಶೆ ಡಾಕ್ಟರಿಗೆ ಎಷ್ಟು ಹಿಡಿಸಿತೆಂದರೆ, ಹೈದರಾಬಾದಿನಲ್ಲಿ ನಡೆಯುವ ಡಾಕ್ಟರುಗಳ ಸಮ್ಮೇಳನಕ್ಕೆ ಅದನ್ನು ಒಯ್ಯುವುದೆಂದು ಗೊತ್ತುಮಾಡಿದರು. ಬೇರೆ ಜಿಲ್ಲೆಯವರೂ ಇಂಥದ್ದನ್ನು ಮಾಡಲು ಹೊರಟಿದ್ದಾರೆ, ಬಣ್ಣ ಹೇಗೆ ಆರಿಸಬೇಕು, ಹೇಗೆ ತುಂಬಬೇಕು ಎಂಬುದನ್ನು ಮಾಡಿದವರೇ ನಿಂತು ಹೇಳಬೇಕು ಎಂದು ನಮ್ಮವರನ್ನೂ ಹೊರಡಿಸಿದರು. ಕಚೇರಿಯಲ್ಲಿ ಎಲ್ಲರೂ ಬೆನ್ನು ತಟ್ಟಿದರು. ನಮ್ಮವರಿಗೆ ಅನ್ನ ಸೇರಲಿಲ್ಲ. ನಿಜ ಹೇಳಿಬಿಡ್ರಿ ಎಂದು ನಾನು ಒಮ್ಮೆ ಅಂದೆ. ನಕಾಶೆ ಕೆಲಸಕ್ಕೆ ಸೇರುವಾಗ ಕಣ್ಣು ಛಲೋ ಅದಾವ ಎಂದು ಬರೆದುಕೊಟ್ಟಿದ್ದೇನೆ, ಈಗ ಹೇಗೆ ಹೇಳಲಿ ಅಂದರು.

ಹೊರಡುವ ತನಕ ದಿನಾ ಸಂಜೆ ಒಂದೇ ಅಭ್ಯಾಸ. ನಕಾಶೆಯನ್ನು ಗೋಡೆಗೆ ತೂಗುಹಾಕಿ, ಅವರು ಬೆತ್ತ ಹಿಡಿದು ಚುಕ್ಕೆ ತೋರಿಸಿ ಬಣ್ಣ ಹೇಳುವರು. ತಪ್ಪಿದರೆ ನಾನು ತಿದ್ದಬೇಕು. ಅವರು ತಪ್ಪಲೇ ಇಲ್ಲ. ಬಣ್ಣ ನೋಡಿ ಹೇಳುತ್ತಿರಲಿಲ್ಲ, ಬಾವಿಯನ್ನು ನೆನೆದು ಹೇಳುತ್ತಿದ್ದರು. ಈ ಬಾವಿಗೆ ಬೇವಿನ ಗಿಡ ಐತಿ, ಮೆಟ್ಟಿಲು ಸವೆದಾವ, ಇದು ಕೆಂಪು. ಇದಕ್ಕೆ ನೀರು ಸೇದೂ ಗಾಲಿ ಹಾಕ್ಯಾರ, ಇದು ಹಸಿರು. ನನಗೆ ಧೈರ್ಯ ಬಂತು. ಅವರಿಗೆ ಬಂದಿತೋ ಇಲ್ಲವೋ ಕಾಣೆ.

ಡಾಕ್ಟರ ಹೆಂಡತಿಯೂ ಹೈದರಾಬಾದಿಗೆ ಹೊರಟಿದ್ದರಿಂದ ಅವರ ಜೊತೆಗೆಂದು ನಾನೂ ಹೋದೆ. ಕೊಪ್ಪಳದ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಗುಂತಕಲ್ಲಿನಲ್ಲಿ ಇಳಿದು ಬೇರೆ ಗಾಡಿ ಹಿಡಿದು, ಮೈತುಂಬ ಇದ್ದಲ ಮಸಿ ಮಾಡಿಕೊಂಡು ಮುಟ್ಟಿದೆವು. ಸಮ್ಮೇಳನದ ಹಾಲಿನಲ್ಲಿ ಹೆಂಗಸರಿಗೆ ಮಹಡಿಯ ಮೇಲೆ ಕೂರುವ ಜಾಗ, ಅದಕ್ಕೆ ಬಿದಿರು ಕಡ್ಡಿಯ ಪರದೆ. ಡಾಕ್ಟರ ಹೆಂಡತಿ ಮತ್ತು ನಾನು ಅದರ ಹಿಂದೆ ಕುಳಿತೆವು. ಕೆಳಗೆ ಕೋಟು, ಶೇರವಾನಿ, ರುಮಾಲು, ಕೆಂಪು ಟೋಪಿ. ಕುರ್ಚಿಗಳು ತುಂಬಿ ಗೋಡೆಗುಂಟ ಜನ ನಿಂತಿದ್ದರು. ಎದುರಿಗೆ ನಮ್ಮ ನಕಾಶೆ. ಅದರ ಮಗ್ಗುಲಿಗೆ ಇನ್ನೊಂದು ನಕಾಶೆ ತೂಗುತ್ತಿತ್ತು. ಅದು ಬೇರೆ ಜಿಲ್ಲೆಯದು. ನಮ್ಮದರ ಸುದ್ದಿಯನ್ನು ಡಾಕ್ಟರಿಂದ ಕೇಳಿ, ಅದೇ ಕೆಂಪು ಹಸಿರಿನಲ್ಲಿ ಮಾಡಿಸಿ ತಂದಿದ್ದರು.

ನಮ್ಮವರ ಸರದಿ ಬಂತು. ಉರ್ದುವಿನಲ್ಲಿ ಮಾತಾಡಿದರು. ನನಗೆ ಅರ್ಧ ತಿಳಿಯಿತು, ಉಳಿದದ್ದನ್ನು ಡಾಕ್ಟರ ಹೆಂಡತಿ ಹೇಳಿದರು. ಬಣ್ಣ ಬಹಳ ಇರಬಾರದು, ಒಂದು ಬಣ್ಣಕ್ಕೆ ಒಂದೇ ಅರ್ಥ ಇರಬೇಕು, ಚುಕ್ಕೆ ಹೆಸರನ್ನು ಮುಚ್ಚಬಾರದು ಎಂದೆಲ್ಲ ಹೇಳಿದರು. ಬೆತ್ತ ಹಿಡಿದು ಬಾವಿ ತೋರಿಸಿದರು. ಒಂದೂ ತಪ್ಪಲಿಲ್ಲ. ಡಾಕ್ಟರು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು. ಮುಗಿಯಿತು, ಇನ್ನೇನು ಕೆಳಗೆ ಇಳಿಯಬೇಕು. ಅಷ್ಟರಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿದ್ದ ಹಿರಿಯರು, ಬಹಳ ಛಲೋ ಹೇಳಿದಿರಿ, ನಿಮ್ಮ ಪದ್ಧತಿ ಹೊಸ ಕಣ್ಣಿಗೂ ತಿಳಿಯುತ್ತದೆ ಎನ್ನುವುದಾದರೆ ಆ ಮಗ್ಗುಲಿನ ನಕಾಶೆ ನೋಡಿ ರೋಗ ಯಾವ ಕಡೆ ದಟ್ಟವಾಗಿದೆ ಹೇಳಿರಿ ಎಂದರು. ಅವರ ಮಾತಿನಲ್ಲಿ ಪರೀಕ್ಷೆ ಇರಲಿಲ್ಲ. ಹೊಗಳಲೆಂದೇ ಕೇಳಿದ್ದರು.

ನಮ್ಮವರು ಆ ನಕಾಶೆಯ ಮುಂದೆ ಹೋಗಿ ನಿಂತರು. ಆ ಬಾವಿಗಳನ್ನು ಅವರು ಕಂಡವರಲ್ಲ. ಕೆಂಪು ಎಲ್ಲ ಬಡಗಣ ಮೂಲೆಯಲ್ಲಿ ಗುಂಪುಗೂಡಿತ್ತು. ಮೇಲಿನಿಂದ ನನಗೇ ಕಾಣುತ್ತಿತ್ತು. ನಾನು ಪರದೆಯ ಬಿದಿರು ಹಿಡಿದುಕೊಂಡೆ. ಅವರು ಬೆತ್ತ ಎತ್ತಿದರು, ಇಳಿಸಿದರು. ಕೂತವರು ಕೆಮ್ಮತೊಡಗಿದರು. ಡಾಕ್ಟರು ಬಡಗಣ ಕಡೆಗೆ ಸನ್ನೆ ಮಾಡಿದ್ದನ್ನು ನಾನು ಕಂಡೆ. ನಮ್ಮವರು ಅದನ್ನು ನೋಡಿದರು. ನೋಡಿಯೂ ಬೆತ್ತವನ್ನು ಮೇಜಿನ ಮೇಲಿಟ್ಟು ಸಭೆಯ ಕಡೆ ತಿರುಗಿ, ನನಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣುತ್ತವೆ, ಇದನ್ನು ನಾನು ಓದಲಾರೆ ಎಂದರು.

ಹಾಗಾದರೆ ಇಷ್ಟು ಅಚ್ಚುಕಟ್ಟಾಗಿ ಬಣ್ಣ ತುಂಬಿದವರು ಯಾರು ಎಂದು ಅಧ್ಯಕ್ಷರು ಕೇಳಿದರು. ನನ್ನ ಹೆಂಡತಿ ಎಂದರು ನಮ್ಮವರು. ಆಗ ನಗು ಎದ್ದಿತು. ಹಿಂದಿನ ಸಾಲಿನಲ್ಲಿ ಎದ್ದದ್ದು ಮುಂದಿನ ಸಾಲಿನವರೆಗೂ ಬಂತು. ಡಾಕ್ಟರ ಹೆಂಡತಿ ನನ್ನ ಕಡೆ ನೋಡದೆ ಸೆರಗು ಸರಿಮಾಡಿಕೊಂಡರು.

ಚಹದ ಹೊತ್ತಿನಲ್ಲಿ ನಮ್ಮವರ ಹತ್ತಿರ ಯಾರೂ ಸುಳಿಯಲಿಲ್ಲವಂತೆ. ಒಬ್ಬರೇ ಒಬ್ಬರು ಬಂದರಂತೆ, ಯಾವುದೋ ಜಿಲ್ಲೆಯ ವಯಸ್ಸಾದ ಡಾಕ್ಟರು. ಬಟ್ಟಲು ಹಿಡಿದುಕೊಂಡು ಕಿಟಕಿಯ ಕಡೆಗೆ ಮುಖ ಮಾಡಿ ನಿಂತು, ನನಗೂ ಹಾಗೆಯೇ, ಮೂವತ್ತು ವರ್ಷದಿಂದ ಇಂಥ ನಕಾಶೆಗಳ ಮುಂದೆ ತಲೆ ಆಡಿಸುತ್ತ ಬಂದಿದ್ದೇನೆ, ದಯಮಾಡಿ ಯಾರಿಗೂ ಹೇಳಬೇಡಿ ಎಂದು ಪಿಸುಮಾತಿನಲ್ಲಿ ಹೇಳಿ ಹೊರಟುಹೋದರಂತೆ. ಇದನ್ನು ನಮ್ಮವರು ನನಗೆ ಹೇಳಿದ್ದು ವಾಪಸು ಬರುವಾಗ ರೈಲಿನಲ್ಲಿ. ಆ ಡಾಕ್ಟರು ನಗುವವರ ನಡುವೆ ಸುಮ್ಮನೆ ಕೂತಿದ್ದರಲ್ಲ ಎಂದು ನಾನು ಸಿಟ್ಟಿನಿಂದ ಅಂದೆ. ಕೂರದೆ ಏನು ಮಾಡುತ್ತಾರೆ, ಇಷ್ಟು ವರ್ಷ ನಾನೂ ಕೂತಿರಲಿಲ್ಲವೇ ಅಂದರು ಇವರು.

ಊರಿಗೆ ಬಂದು ಎರಡು ದಿನಕ್ಕೆ ಡಾಕ್ಟರು ಮನೆಗೆ ಬಂದರು. ಹೊರಗಿನ ಕಟ್ಟೆಯ ಮೇಲೆಯೇ ಕುಳಿತರು. ನೀರು ಕೊಟ್ಟರೂ ಮುಟ್ಟಲಿಲ್ಲ. ನಾನು ಬಾಗಿಲ ಮರೆಯಲ್ಲಿದ್ದೆ.

"ಮೊದಲೇ ನನಗ ಹೇಳಬೇಕಿತ್ತು ನೀವು" ಅಂದರು.

"ಹೇಳಿದ್ರ ಕೆಲಸ ಕೊಡತಿದ್ರೇನ್ರಿ, ಸಾಹೇಬ್ರ?"

ಡಾಕ್ಟರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ಇಲ್ಲ, ಕೊಡತಿರಲಿಲ್ಲ" ಎಂದರು. ಸುಳ್ಳು ಹೇಳಲಿಲ್ಲ ಎಂಬುದಕ್ಕೆ ಅವರ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು. ನಕಾಶೆ ಸರಿಯಾಗಿಯೇ ಇದ್ದರೂ ಅದರ ಮೇಲಿನ ನಂಬಿಕೆ ಹೋಯಿತು, ಕುರುಡನ ನಕಾಶೆ ಎನ್ನುತ್ತಿದ್ದಾರೆ, ಬಾವಿಗಳ ಕೆಲಸ ಇನ್ನು ಒಂದು ವರ್ಷ ಹಿಂದೆ ಬಿತ್ತು ಎಂದು ಹೇಳಿ ಎದ್ದರು. ಅವರ ನೋವು ಅದರದು. ಅದು ನಮಗೂ ನೋವೇ.

ನಮ್ಮವರನ್ನು ನಕಾಶೆಯಿಂದ ತೆಗೆದು ಕುಷ್ಟಗಿಗೆ ವರ್ಗ ಮಾಡಿದರು. ಕಾಗದ ನಕಲು ಮಾಡುವ, ಟಪಾಲು ಕಟ್ಟುವ ಕೆಲಸ, ಸಂಬಳವೂ ಇಳಿಯಿತು. ಮನೆ ಸಾಮಾನೆಲ್ಲ ಒಂದೇ ಚಕ್ಕಡಿಯಲ್ಲಿ ಹಿಡಿಯಿತು. ಕುಷ್ಟಗಿಯಲ್ಲಿ ನನಗೆ ಮೊದಲು ಕಂಡದ್ದು ನಮ್ಮ ಓಣಿಯ ಬಾವಿ. ನಕಾಶೆಯಲ್ಲಿ ನಾನೇ ಕೆಂಪು ಇಟ್ಟ ಮೆಟ್ಟಿಲ ಬಾವಿ ಅದು. ಹೆಂಗಸರು ಮೊಣಕಾಲ ತನಕ ನೀರಿಗಿಳಿದು ಕೊಡ ತುಂಬುತ್ತಿದ್ದರು. ನಾನು ಬಟ್ಟೆಯಲ್ಲಿ ಸೋಸಿ, ಕಾಸಿ ಕುಡಿಯುವುದನ್ನು ರೂಢಿ ಮಾಡಿಕೊಂಡೆ. ನೆರೆಯವರಿಗೂ ಹೇಳಿದೆ. ಹೊಸದಾಗಿ ಬಂದಾಕಿ ನಮ್ಮ ನೀರಿಗೆ ಹೆಸರಿಡುತ್ತಾಳೆ ಎಂದು ಕೆಲವರು ನನ್ನ ಕೂಡ ಮಾತು ಬಿಟ್ಟರು.

ಮರುವರ್ಷ ಆ ನಕಾಶೆಯನ್ನು ಬೇರೆಯವರಿಂದ ಸರಿನೋಡಿಸಿ, ಸಣ್ಣದಾಗಿ ಅಚ್ಚು ಹಾಕಿಸಿ ಹಳ್ಳಿಹಳ್ಳಿಗೆ ಹಂಚಲು ಕಳಿಸಿದರು. ಯುದ್ಧ ಶುರುವಾಗಿ ಕಾಗದ, ಬಣ್ಣ ಎಲ್ಲಕ್ಕೂ ತತ್ವಾರ ಬಂದಿತ್ತು. ಅಚ್ಚು ಬರೀ ಕಪ್ಪಿನಲ್ಲಿತ್ತು. ಕಟ್ಟು ಬಿಚ್ಚಿ ಹಂಚುವ ಕೆಲಸ ನಮ್ಮವರದೇ. ಒಂದು ಹಾಳೆಯನ್ನು ಮನೆಗೆ ತಂದು ನನ್ನ ಮುಂದೆ ಹಿಡಿದರು. ಕೆಂಪಿನ ಚುಕ್ಕೆಯೂ ಕಪ್ಪು, ಹಸಿರಿನ ಚುಕ್ಕೆಯೂ ಕಪ್ಪು. ಯಾವ ಬಾವಿ ಕೆಟ್ಟದ್ದು, ಯಾವುದು ಛಲೋದು, ಕಣ್ಣು ನೆಟ್ಟಗಿದ್ದವರಿಗೂ ಈಗ ತಿಳಿಯುವಂತಿರಲಿಲ್ಲ.

ಮೇಲಿನವರಿಗೆ ಬರೆಯಿರಿ ಎಂದೆ. ಕುರುಡನ ಮಾತು ಯಾರು ಕೇಳುತ್ತಾರೆ ಅಂದರು. ಆದರೂ ಬರೆದರು, ಉತ್ತರ ಬರಲಿಲ್ಲ. ಆಮೇಲೆ ಕಟ್ಟನ್ನು ಮನೆಗೆ ತಂದು, ಮಧ್ಯಾಹ್ನದ ಬಿಡುವಿನಲ್ಲಿ, ಪ್ರತಿ ಹಾಳೆಯಲ್ಲೂ ಕೆಟ್ಟ ಬಾವಿಯ ಚುಕ್ಕೆಯ ಮೇಲೆ ಶಾಯಿಯಿಂದ ಅಡ್ಡಗೀಟು ಎಳೆಯತೊಡಗಿದರು. ಎಲ್ಲ ಅವರ ತಲೆಯಲ್ಲಿತ್ತು. ನಾನೂ ಎದುರಿಗೆ ಕೂತು ಅವರು ಹೇಳಿದಲ್ಲಿ ಗೀಟು ಹಾಕಿದೆ. ಬಣ್ಣ ಬೇಡವಾಗಿತ್ತು, ಒಂದು ಗೀಟು ಸಾಕಿತ್ತು. ಮೊದಲೇ ಹೀಗೆ ಮಾಡಿದ್ದರೆ ಎಂದು ಇಬ್ಬರಿಗೂ ಅನಿಸಿರಬೇಕು.

ಅರ್ಧ ಹಾಳೆಗಳು ಹಳ್ಳಿಗಳಿಗೆ ಹೋಗಿದ್ದವು. ಆಗ ಕಚೇರಿಯ ಹಿರಿಯರ ಕಣ್ಣಿಗೆ ಒಂದು ಬಿತ್ತು. ಯಾರ ಹುಕುಮಿನ ಮೇಲೆ ಸರ್ಕಾರಿ ಅಚ್ಚಿನ ಮೇಲೆ ಗೀಟು ಹಾಕಿದಿರಿ ಎಂದು ಕೇಳಿದರಂತೆ. ಹುಕುಮು ಇಲ್ಲ, ಅಚ್ಚಿನಲ್ಲಿ ಹೀಗಾಗಿದೆ ಎಂದು ಇವರು ಬಿಡಿಸಿ ಹೇಳಿದರು. ಅವರು ಕೆಟ್ಟವರೇನಲ್ಲ, ಕೇಳಿಸಿಕೊಂಡರು. ಆದರೆ ಇದು ಮೇಲೆ ತಿಳಿದರೆ ನಿಮ್ಮ ಜೊತೆಗೆ ನನ್ನ ನೌಕರಿಯೂ ಹೋಗುತ್ತದೆ ಎಂದು ಉಳಿದ ಹಾಳೆಗಳನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿಕೊಂಡರು. ಹೋದವು ಹೋದವು. ಅವು ಮುಟ್ಟಿದ ಒಂದೆರಡು ಊರವರು ಮೆಟ್ಟಿಲಿಗೆ ಅಡ್ಡ ಗೋಡೆ ಕಟ್ಟಿ ಗಾಲಿ ಹಾಕಿಸಿದರೆಂದು ಕೇಳಿದೆವು. ಅದು ಆ ಗೀಟು ನೋಡಿಯೋ ಬೇರೆ ಯಾತಕ್ಕೋ ಯಾರು ಬಲ್ಲರು. ಕಿನ್ನಾಳದಲ್ಲಿ ಏನೂ ಆಗಲಿಲ್ಲ. ನನ್ನ ಅಣ್ಣ ಮೂರನೆಯ ಸಲ ಮಲಗಿದವನು ಆ ಕಾಲನ್ನು ಮತ್ತೆ ನೆಟ್ಟಗೆ ಊರಲಿಲ್ಲ. ಅವನ ಮನೆಗೆ ಹೋದಾಗಲೆಲ್ಲ ನಮ್ಮವರು ಆ ಕಾಲು ನೋಡಿ ಬೇಗ ಎದ್ದುಬಿಡುತ್ತಿದ್ದರು.

ಯುದ್ಧ ಮುಗಿಯುವ ಹೊತ್ತಿಗೆ, ನಾವು ತವರಿಗೆ ಹೊರಟಾಗ, ಕೊಪ್ಪಳದ ಸ್ಟೇಷನ್ನಿನಲ್ಲಿ ಚಕ್ಕಡಿ ಕಾಯುವಾಗ ಆ ನಾರುಹುಣ್ಣಿನ ಡಾಕ್ಟರು ಸಿಕ್ಕರು. ಕೂದಲು ನೆರೆತಿತ್ತು. ನಮ್ಮವರನ್ನು ಗುರುತಿಸಿ ತಾವೇ ಎದ್ದು ಬಂದು ಕೈ ಹಿಡಿದರು. ಮತ್ತೊಂದು ಸಮ್ಮೇಳನದಿಂದ ಬರುತ್ತಿದ್ದರು. ಈಗ ನಾನು ಎಲ್ಲ ಕಡೆಯೂ ಒಂದೇ ಮಾತು ಹೇಳುತ್ತೇನೆ, ಕೆಂಪು ಹಸಿರಿನ ಮೇಲೆ ಭಾರ ಹಾಕಬೇಡಿ, ಗಾಢ ತಿಳಿ ಮಾಡಿರಿ, ಚುಕ್ಕೆಗೆ ಗುರುತು ಹಾಕಿರಿ, ಕರಿ ಅಚ್ಚಿಗೂ ಅದು ನಿಲ್ಲುತ್ತದೆ ಎಂದರು. ಜನ ಬರೆದುಕೊಳ್ಳುತ್ತಾರೆ, ಚಪ್ಪಾಳೆ ತಟ್ಟುತ್ತಾರೆ ಎಂದು ಉತ್ಸಾಹದಿಂದ ಹೇಳಿದರು. ಛಲೋ ಆತ್ರಿ ಎಂದರು ಇವರು. ಯಾರಿಂದ ಕಲಿತೆ ಎಂದು ಅಲ್ಲಿ ಹೇಳುತ್ತಾರೋ ಇಲ್ಲವೋ, ಡಾಕ್ಟರು ತಾವಾಗಿ ಹೇಳಲಿಲ್ಲ, ಇವರು ಕೇಳಲಿಲ್ಲ. ರೈಲು ಬಂತು, ಅವರು ಹತ್ತಿ ಹೋದರು.

ನನಗೆ ತಡೆಯಲಾಗಲಿಲ್ಲ. "ಅಲ್ಲಿ ನಿಮ್ಮ ಹೆಸರು ಹೇಳ್ತಾರೇನು ಅಂತ ಒಂದ್ ಮಾತು ಕೇಳಬೇಕಿತ್ತಲ್ರಿ" ಎಂದೆ.

ಅವರು ಗಂಟು ಎತ್ತಿ ಹೆಗಲಿಗೆ ಹಾಕಿಕೊಂಡರು. "ಹೆಸರು ಹೇಳಿದ್ರ ಕಣ್ಣಿಂದೂ ಹೇಳಬೇಕಾಗತೈತಿ. ಬ್ಯಾಡ, ಹಿಂಗ ಇರಲಿ" ಅಂದರು.

ಹೊರಗೆ ಕಿನ್ನಾಳದ ಕಡೆಯ ಚಕ್ಕಡಿಯವನು ಕೂಗುತ್ತಿದ್ದ. ನಾವು ಹೋಗಿ ಹತ್ತಿದೆವು. ದಾರಿಯುದ್ದಕ್ಕೂ ಅವರು ಚಕ್ಕಡಿಯವನ ಜೊತೆ ಆ ವರ್ಷದ ಜೋಳದ ಬೆಳೆಯ ಮಾತಾಡಿದರು. ಡಾಕ್ಟರ ಮೇಲಿನ ನನ್ನ ಸಿಟ್ಟು ಇಳಿದಿರಲಿಲ್ಲ. ಈಗ ನಮ್ಮವರು ತೀರಿಹೋಗಿ ಎಷ್ಟೋ ವರ್ಷಗಳಾದವು. ಪೂರ್ತಿ ಇಳಿದಿದೆ ಎಂದು ಇವತ್ತಿಗೂ ಹೇಳಲಾರೆ.